ಅಮ್ಮನ ಗೆಸ್ಟ್ ಪೋಸ್ಟ್

ಮಾರ್ಚ್ 4, ಬುಧವಾರ

ನಮ್ಮ ಮಾಲೀಕರು ಇವತ್ತು ಯಾರದೋ ವೆಬ್‌ಸೈಟಿನಲ್ಲಿ ಮಂಡಿನೋವಿನ ಬಗ್ಗೆ ಬಹಳ ಚೆನ್ನಾಗಿ ಬರೆದಿದ್ದಾರೆ. ಬರೆದದ್ದು ನಾನು, ಅದಕ್ಕೇ ಅಷ್ಟು ಧೈರ್ಯವಾಗಿ ಹೇಳುತ್ತಿದ್ದೇನೆ.

ಎದುರುಮನೆಯ ಅಕ್ಕ ಮೆಟ್ಟಿಲ ಮೇಲೆ ಸಿಕ್ಕಿ, "ಮನೇಲೇ ಕೂತು ಅದೇನು ಕೆಲಸ ಮಾಡ್ತೀಯೇ?" ಎಂದರು. ತಡವರಿಸಿದೆ. ಮುಂದಿನ ಸಲಕ್ಕೆ ಉತ್ತರ ಸಿದ್ಧವಿರಲಿ ಎಂದು ಇಲ್ಲಿ ಬರೆದಿಡುತ್ತೇನೆ. ಅಕ್ಕಾ, ನಮ್ಮ ಮಾಲೀಕರದು ವಾಕರ್, ಗಾಲಿಕುರ್ಚಿ, ಊರುಗೋಲು ಮಾರುವ, ಬಾಡಿಗೆಗೆ ಕೊಡುವ ಅಂಗಡಿ. ತಮ್ಮ ಅಂಗಡಿಯನ್ನು ತಾವೇ ಹೊಗಳಿಕೊಂಡರೆ ಯಾರೂ ನಂಬುವುದಿಲ್ಲ. ಆದ್ದರಿಂದ ಆರೋಗ್ಯ, ಕುಟುಂಬ, ವಯಸ್ಸಾದವರ ಆರೈಕೆ ಎಂದು ಬರೆಯುವ ಬೇರೆಯವರ ವೆಬ್‌ಸೈಟುಗಳಿಗೆ ನಾವು ಅತಿಥಿಯಾಗಿ ಲೇಖನ ಬರೆದು ಕಳಿಸುತ್ತೇವೆ. ಅದಕ್ಕೆ ಗೆಸ್ಟ್ ಪೋಸ್ಟ್ ಎನ್ನುತ್ತಾರೆ. ಅವರಿಗೆ ಲೇಖನ ಪುಕ್ಕಟೆ. ನಮಗೆ ಲೇಖನದ ಒಳಗೆ ಒಂದೇ ಒಂದು ಲಿಂಕ್. ಓದುವವರು ಅದನ್ನು ಒತ್ತಿದರೆ ನೇರವಾಗಿ ನಮ್ಮ ಅಂಗಡಿಗೆ ಬಂದು ಬೀಳುತ್ತಾರೆ. ಊಟಕ್ಕೆ ಬಂದ ನೆಂಟ ಕೊಡೆ ಮರೆತು ಹೋದಷ್ಟು ಸಹಜವಾಗಿ ಆ ಲಿಂಕನ್ನು ಬಿಟ್ಟು ಬರಬೇಕು, ಅದರಲ್ಲಿ ನನ್ನದು ಎತ್ತಿದ ಕೈ. ಕೊನೆಗೆ ಲೇಖಕರ ಹೆಸರು, ಫೋಟೋ, ಚಿಕ್ಕದೊಂದು ಪರಿಚಯ. ಹೆಸರೂ ಮಾಲೀಕರದೇ, ಫೋಟೋವೂ ಮಾಲೀಕರದೇ. ಬರೆದದ್ದು ನಾನು ಎಂದು ಎಲ್ಲೂ ಬಾಯಿ ಬಿಡುವಂತಿಲ್ಲ. ಕೆಲಸಕ್ಕೆ ಸೇರುವಾಗಲೇ ಅದಕ್ಕೆ ಒಪ್ಪಿದ್ದೇನೆ.

ಬೇಸರವೇನಿಲ್ಲ. ಹೆಸರಿನ ಹುಚ್ಚಿರುವವರು ಬೇರೆ ಕೆಲಸ ನೋಡಿಕೊಳ್ಳಲಿ. ಅಮ್ಮನ ಸೊಂಟದ ಮೂಳೆ ಮುರಿದ ಮೇಲೆ ನನಗೆ ಬೇಕಾಗಿದ್ದದ್ದು ಮನೆಯಲ್ಲೇ ಕೂತು ಮಾಡುವ ಕೆಲಸ, ಅದು ಸಿಕ್ಕಿದೆ. ಅಪ್ಪ ಹೋದ ಮೇಲೆ ಈ ಮನೆಯಲ್ಲಿ ನಾವಿಬ್ಬರೇ. ಬಸ್ ಕಂಡಕ್ಟರಾಗಿ ಆಯುಷ್ಯವಿಡೀ ನಿಂತೇ ದುಡಿದ ಹೆಂಗಸು ಈಗ ನಡುಮನೆಯ ಕಿಟಕಿಯ ಪಕ್ಕ ಕೂತು, ಎರಡನೇ ಮಹಡಿಯಿಂದಲೇ ಕೆಳಗಿನ ಬಸ್ಸುಗಳನ್ನು ಆಳುತ್ತಾಳೆ. "ಹೋಲ್ಡಾನ್! ಆ ಮುದುಕಪ್ಪ ಇನ್ನೂ ಇಳಿದಿಲ್ಲ, ಕಣ್ಣು ಕಾಣಲ್ವೇನೋ ಮುಠ್ಠಾಳ?" ಡ್ರೈವರನಿಗೆ ಕೇಳಿಸುತ್ತದೋ ಇಲ್ಲವೋ, ನನ್ನ ವಾಕ್ಯವಂತೂ ಅರ್ಧಕ್ಕೇ ನಿಲ್ಲುತ್ತದೆ.

ಮಾರ್ಚ್ 9, ಸೋಮವಾರ

ಅಮ್ಮ ಬಚ್ಚಲಲ್ಲಿ ಬಿದ್ದಳು. ಎತ್ತಿದೆ. ಮೂಳೆಗೆ ಏನೂ ಆಗಿಲ್ಲ ಎಂದರು ಡಾಕ್ಟರು. ಹೆಚ್ಚು ಬರೆಯಲಾರೆ.

ಮಾರ್ಚ್ 13, ಶುಕ್ರವಾರ

ಹಿರಿಯರ ಆರೈಕೆಗೆಂದೇ ಇರುವ ಒಂದು ದೊಡ್ಡ ವೆಬ್‌ಸೈಟಿನವರು ಮಾಲೀಕರಿಂದ ಲೇಖನ ಕೇಳಿದ್ದರು. ಷರತ್ತು ಒಂದೇ: ಸಲಹೆ ಸಾಕಾಗಿದೆ, ಸ್ವಂತ ಅನುಭವ ಬೇಕು.

ಮಾಲೀಕರಿಗೆ ಎಲ್ಲಿಯ ಅನುಭವ? ಅವರ ತಾಯಿಯನ್ನು ನೋಡಿಕೊಳ್ಳಲು ದಾದಿಯರಿದ್ದಾರೆ. ನೋಡಿದೆ, ಯೋಚಿಸಿದೆ, ಸೋಮವಾರದ ಬಚ್ಚಲನ್ನೇ ಬರೆದುಬಿಟ್ಟೆ. ತಾಯಿ ಬಿದ್ದದ್ದು, ತಾಳ್ಮೆಯಿಂದ ಎತ್ತಿದ್ದು, ಆಕೆ ಹಿಂದೆ ಕಂಡಕ್ಟರಾಗಿದ್ದದ್ದು, ಇವತ್ತಿಗೂ ಏಳುವಾಗ "ರೈಟ್" ಎನ್ನುವುದು, ನೋವಾದರೆ "ಹೋಲ್ಡಾನ್" ಎಂದು ಕೂಗುವುದು. ಒಂದೇ ಉಸಿರಿಗೆ ಮುಗಿಯಿತು. ಮಂಡಿನೋವಿನ ಲೇಖನಕ್ಕೆ ವಾರವಿಡೀ ಪರದಾಡುವ ನಾನು ಎದ್ದು ನೀರು ಕುಡಿಯುವುದನ್ನೂ ಮರೆತಿದ್ದೆ.

ಮಾಲೀಕರು ಫೋನ್ ಮಾಡಿದರು. "ಮೇಡಂ, ಓದಿ ಕಣ್ಣಲ್ಲಿ ನೀರು ಬಂತು. ಒಂದೇ ಒಂದು ಸಣ್ಣ ಬದಲಾವಣೆ. ಈ ಕಂಡಕ್ಟರ್ ಬೇಡ. ನನ್ನ ಹೆಸರಲ್ಲಿ ಬರೋದು ನೋಡಿ, ಜನ ಏನಂದ್ಕೋತಾರೆ? ಟೀಚರ್ ಅಂತ ಹಾಕಿ."

ಒಂದು ಪದ ತಾನೇ. ಕಂಡಕ್ಟರನ್ನು ತೆಗೆದು ಟೀಚರ್ ಮಾಡಿದೆ. "ರೈಟ್" ಹೋಗಿ "ಒಂದು, ಎರಡು, ಮೂರು" ಬಂತು. ಕಳಿಸಿದ ಮೇಲೆ ಅಮ್ಮನ ಕಡೆ ನೋಡದೆ ಒಳಗೆ ಹೋಗಿ, ಒಣಗಿದ ಬಟ್ಟೆ ಮಡಚಿಟ್ಟೆ.

ಮಾರ್ಚ್ 21, ಶನಿವಾರ

ಲೇಖನ ಬಂದಿದೆ. ಇಷ್ಟು ದಿನ ಬರೆದ ಯಾವುದನ್ನೂ ಜನ ಹೀಗೆ ಓದಿರಲಿಲ್ಲ. ಕೆಳಗೆ ಒಂದರ ಮೇಲೊಂದು ಮಾತು. "ಮನೆಗೊಬ್ಬ ಇಂಥ ಮಗನಿರಲಿ." "ಆ ತಾಯಿ ಪುಣ್ಯ ಮಾಡಿದ್ದರು." "ಸರ್, ನಿಮ್ಮ ಕೈಗಳಿಗೆ ನಮಸ್ಕಾರ." ನನ್ನ ಕೈಗಳನ್ನು ನೋಡಿಕೊಂಡೆ. ಪಾತ್ರೆ ತೊಳೆದ ಸೋಪು ಇನ್ನೂ ಅಂಟಿಕೊಂಡಿತ್ತು.

ಸಂತೋಷಕ್ಕೋ ಸಂಕಟಕ್ಕೋ, ಯಾರಿಗಾದರೂ ಓದಿ ಹೇಳಬೇಕೆನ್ನಿಸಿತು. ಮನೆಯಲ್ಲಿರುವುದು ಅಮ್ಮ ಒಬ್ಬಳೇ. ಓದಿದೆ. ಅವಳು ಪೂರ್ತಿ ಕೇಳಿದಳು.

"ಯಾರೇ ಈ ವಯ್ಯ?"

"ನಮ್ಮ ಮಾಲೀಕರು."

"ಅವನ ತಾಯೀನೂ ಬಚ್ಚಲಲ್ಲಿ ಬಿದ್ದಿದ್ಲಾ? ಪಾಪ."

"ಇಲ್ಲಮ್ಮ. ಅದು ನೀನೇ."

ಅಮ್ಮ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದಳು, ಮತ್ತೆ ಹಾಕಿಕೊಂಡಳು. "ನಾನು ಇವನನ್ನ ಯಾವಾಗ ಹೆತ್ತೆ?"

"ಹಾಗಲ್ಲಮ್ಮ, ನಮ್ಮ ಕೆಲಸದಲ್ಲಿ ಹೀಗೇ. ಬರೆಯೋರು ಒಬ್ರು, ಹೆಸರು ಇನ್ನೊಬ್ರದು."

"ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರೆ, ಸರಿ. ಹೆರದೇ ಇರೋ ಹೆಗ್ಗಣಾನೂ ನಾನೇ ಮುದ್ದು ಮಾಡ್ಬೇಕಾ?"

ನಾನು ನಕ್ಕೆ. ಅವಳು ನಗಲಿಲ್ಲ. "ಅದಿರ್ಲಿ, ಟೀಚರ್ ಅಂತ ಯಾಕೆ ಹಾಕಿದ್ದು?" ಎಂದಳು. "ಕಂಡಕ್ಟರ್ ಬೇಡ ಅಂದ್ರು ಅವರು," ಎಂದೆ.

"ಕಂಡಕ್ಟರ್ ಅನ್ನೋಕೆ ನಾಚಿಕೆನಾ ಅವನಿಗೆ? ಕುಡಿದು ಬಂದೋರನ್ನ ಕೊರಳಪಟ್ಟಿ ಹಿಡಿದು ಇಳಿಸಿದ್ದೀನಿ. ಹಿಂದಿನ ಸೀಟಲ್ಲಿ ಒಬ್ಬಳಿಗೆ ಹೆರಿಗೆ ಮಾಡಿಸಿದ್ದೀನಿ, ಬಸ್ಸು ನಿಲ್ಲಿಸಿ, ಗಂಡಸರನ್ನೆಲ್ಲ ಕೆಳಗಿಳಿಸಿ. ಅಂಥ ಕೆಲಸ ಕಿತ್ಕೊಂಡು ನನ್ನ ಕೈಗೆ ಸೀಮೆಸುಣ್ಣ ಕೊಟ್ಟನಾ ಅವನು?"

ಕಿತ್ತುಕೊಂಡದ್ದು ಯಾರ ಕೈ ಎಂದು ನಾನು ಹೇಳಲಿಲ್ಲ. ಸಂಜೆಯ ತನಕ ಅಮ್ಮ ಒಂದು ಬಸ್ಸನ್ನೂ ಬೈಯಲಿಲ್ಲ. ಬೈಯುವ ಅಮ್ಮನನ್ನು ಸಂಭಾಳಿಸಬಲ್ಲೆ. ಸುಮ್ಮನಿರುವ ಅಮ್ಮನ ಮುಂದೆ ನನಗೆ ಕೈಕಾಲು ಆಡುವುದಿಲ್ಲ.

ಮಾರ್ಚ್ 24, ಮಂಗಳವಾರ

ಎದುರುಮನೆಯ ಅಕ್ಕನನ್ನು ಅಮ್ಮನ ಜೊತೆ ಕೂರಿಸಿ ಅಂಗಡಿಗೆ ಹೋಗಿದ್ದೆ. ಕೆಳಗಡೆ ಗೋಡೆಯುದ್ದಕ್ಕೂ ಮಡಚಿಟ್ಟ ಗಾಲಿಕುರ್ಚಿಗಳು. ನೆಲಕ್ಕೆ ಹಳದಿ ಪಟ್ಟಿ ಅಂಟಿಸಿದ್ದಾರೆ, ವಾಕರ್ ಕೊಳ್ಳುವವರು ಅದರ ಮೇಲೆ ನಡೆದು ನೋಡಬೇಕು. ಮಾಲೀಕರ ಕೋಣೆ ಮಹಡಿಯ ಮೇಲೆ. ಕಾಲಿಲ್ಲದವರಿಗೆ ಸಾಮಾನು ಮಾರುವವರು ಮೆಟ್ಟಿಲು ಹತ್ತಿಸುತ್ತಾರಲ್ಲ ಎಂದು ಹತ್ತುವಾಗಲೆಲ್ಲ ಅನ್ನಿಸುತ್ತದೆ.

ನನ್ನನ್ನು ಕಂಡದ್ದೇ ಅವರ ಮುಖ ಅರಳಿತು. "ಬನ್ನಿ ಬನ್ನಿ ಮೇಡಂ! ಅವರು ಅಂಕಣ ಕೇಳಿದ್ದಾರೆ. ಹದಿನೈದು ದಿನಕ್ಕೊಂದು. 'ನನ್ನ ತಾಯಿ' ಅಂತ ಹೆಸರು. ನಿಮ್ಮ ತಾಯಿ ಇನ್ನೇನೇನು ಮಾಡ್ತಾರೆ, ಏನೇನು ಹೇಳ್ತಾರೆ, ಎಲ್ಲಾ ಬರೀರಿ."

"ಸರ್, ನನ್ನ ತಾಯೀನ ನನಗೆ ವಾಪಸ್ ಕೊಡಿ," ಎಂದೆ.

ಅವರಿಗೆ ತಮಾಷೆಯಾಗಿ ಕೇಳಿಸಿತು. ನಕ್ಕರು. ನಾನು ಕೂತೇ ಇದ್ದೆ. ನಗು ನಿಂತಿತು.

"ನೀವು ತುಂಬಾ ಮನಸ್ಸಿಗೆ ಹಚ್ಕೋತೀರಿ ಮೇಡಂ. ಬರೆದಿದ್ದು ನೀವೇ, ಇಲ್ಲ ಅಂತ ಯಾರಂದ್ರು? ಆದ್ರೆ ಬರೆಸಿದ್ದು ನಾನು. ಅಂಗಡೀಲಿರೋ ಸಾಮಾನೆಲ್ಲ ನಾನೇ ಮಾಡಿದ್ದಾ? ಬೋರ್ಡ್ ಮಾತ್ರ ನನ್ನದು ತಾನೇ?"

"ಬಾಡಿಗೆಗೆ ಕೊಡೋಕೆ ನಮ್ಮಮ್ಮ ಗಾಲಿಕುರ್ಚಿ ಅಲ್ಲ ಸರ್. ಮಂಡಿ ಬರೀತೀನಿ, ಬೆನ್ನು ಬರೀತೀನಿ, ಊರುಗೋಲಿನ ರಬ್ಬರ್ ಬಗ್ಗೆ ಬೇಕಾದ್ರೆ ಪುರಾಣ ಬರೀತೀನಿ. ಅಮ್ಮನ್ನ ಬರೆಯಲ್ಲ."

ಇಷ್ಟು ಮಾತು ನನ್ನ ಬಾಯಿಂದ ಬಂತೇ ಎಂದು ನನಗೇ ಆಶ್ಚರ್ಯ. "ಮನೆಗೆ ಹೋಗಿ ಯೋಚನೆ ಮಾಡಿ," ಎಂದರು, ನೋಟ ಕಂಪ್ಯೂಟರಿನ ಮೇಲಿಟ್ಟು. ಎದ್ದು ಇಳಿದು ಬಂದೆ. ಕೆಳಗೆ ಹಳದಿ ಪಟ್ಟಿಯ ಮೇಲೆ ನಿಲ್ಲಿಸಿದ್ದ ವಾಕರ್ ಹಿಡಿದು ಸ್ವಲ್ಪ ಹೊತ್ತು ನಿಂತೆ. ವಾಕರ್ ಚೆನ್ನಾಗಿದೆ, ಅದನ್ನು ಒಪ್ಪಲೇಬೇಕು.

ಬರುವಾಗ ದಾರಿಯಲ್ಲೇ ತೀರ್ಮಾನವಾಯಿತು. ಇನ್ನೊಂದು ವೆಬ್‌ಸೈಟಿದೆ, ಚಿಕ್ಕದು, ಒಬ್ಬ ಸಂಪಾದಕಿ ಅಚ್ಚುಕಟ್ಟಾಗಿ ನಡೆಸುತ್ತಾರೆ. ಅಲ್ಲಿಗೆ ನಾನೇ ಬರೆಯುತ್ತೇನೆ, ಅಮ್ಮನನ್ನು ಕಂಡಕ್ಟರ್ ಎಂದೇ ಬರೆಯುತ್ತೇನೆ, ಕೆಳಗೆ ನನ್ನ ಹೆಸರು ಹಾಕುತ್ತೇನೆ. ಎಷ್ಟೋ ಮನೆಗೆ ಇವರ ಹೆಸರು ಹೊತ್ತು ಅತಿಥಿಯಾಗಿ ಹೋಗಿದ್ದೇನೆ. ಒಂದು ಮನೆಗೆ ನಾನಾಗಿ ಹೋದರೆ ಯಾರ ಗಂಟು ಹೋಗುತ್ತದೆ?

ಮಾರ್ಚ್ 27, ಶುಕ್ರವಾರ

ಬರೆದು ಕಳಿಸಿದೆ. ಲೇಖಕರ ಹೆಸರಿನ ಜಾಗದಲ್ಲಿ ಬೆರಳು ತಾನಾಗಿ ಮಾಲೀಕರ ಹೆಸರು ಹೊಡೆಯಿತು. ಅಳಿಸಿ ನನ್ನದನ್ನು ಹೊಡೆದೆ. ಯಾರೋ ಗೊತ್ತಿಲ್ಲದವರ ಹೆಸರಿನಂತೆ ಕಂಡಿತು.

ಏಪ್ರಿಲ್ 2, ಗುರುವಾರ

ಸಂಪಾದಕಿಯ ಉತ್ತರವನ್ನು ಇಲ್ಲೇ ಇಳಿಸಿಡುತ್ತೇನೆ, ನಾಳೆ ನನಗೇ ನಂಬಿಕೆ ಬರಲಿಕ್ಕಿಲ್ಲ.

"ನಿಮ್ಮ ಬರಹವನ್ನು ಪರೀಕ್ಷಿಸಿದೆವು. ಇದು ಬೇರೊಬ್ಬ ಮಹನೀಯರು ಈಗಾಗಲೇ ಪ್ರಕಟಿಸಿರುವ ಲೇಖನದ ನಕಲು. ಅವರ ತಾಯಿ ಟೀಚರ್ ಆಗಿದ್ದರು. ನೀವು ಗುರುತು ಮರೆಸಲು ಕಂಡಕ್ಟರ್ ಎಂದು ಬದಲಿಸಿದ್ದೀರಿ. ವಾಕ್ಯ ಕದಿಯುವವರನ್ನು ನೋಡಿದ್ದೇನೆ. ಇನ್ನೊಬ್ಬರ ತಾಯಿಯನ್ನು ಕದ್ದವರನ್ನು ಇದೇ ಮೊದಲು ನೋಡುತ್ತಿರುವುದು. ಇನ್ನು ಮುಂದೆ ನಮಗೆ ಬರೆಯಬೇಡಿ."

ನನ್ನ ತಾಯಿಯನ್ನು ನಾನೇ ಕದ್ದೆನಂತೆ! ಮೇಜಿನಿಂದ ಎದ್ದು ಅಡುಗೆಮನೆಗೆ ಹೋದೆ, ಅಲ್ಲಿಂದ ಕೋಣೆಗೆ, ಕೋಣೆಯಿಂದ ಮತ್ತೆ ಅಡುಗೆಮನೆಗೆ. "ಏನೇ ಅದು, ಬಾಲ ಸುಟ್ಟ ಬೆಕ್ಕಿನ ಹಾಗೆ?" ಎಂದಳು ಅಮ್ಮ. ಉತ್ತರ ಕೊಡಲಿಲ್ಲ.

ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದೆ. ಹೊಸದಾಗಿಯೇ ಬರೆದಿದ್ದೆ, ಹಳೆಯದನ್ನು ತೆರೆದು ಸಹ ನೋಡಿರಲಿಲ್ಲ. ಆದರೂ ಸಾಲಿಗೆ ಸಾಲು ಅದೇ. ಅದೇ ಕಡೆ ನಿಲ್ಲುತ್ತದೆ, ಅದೇ ಕಡೆ ತಿರುಗುತ್ತದೆ. ನನ್ನ ಬರಹಕ್ಕಿರುವುದು ಒಂದೇ ನಡಿಗೆ, ಅದನ್ನು ಮಾಲೀಕರ ಹೆಸರಿಗೆ ಬರೆದುಕೊಟ್ಟಾಗಿದೆ. ಈಗ ನಾನು ನಡೆದರೆ ನೋಡಿದವರು ಅವರನ್ನು ಅಣಕಿಸುತ್ತಿದ್ದಾಳೆ ಎನ್ನುತ್ತಾರೆ.

"ಎರಡನ್ನೂ ಬರೆದದ್ದು ನಾನೇ" ಎಂದು ಸಂಪಾದಕಿಗೆ ಬರೆದೆ. ಕಳಿಸಲಿಲ್ಲ. ಹೇಳಿದರೆ ಕೆಲಸ ಹೋಗುತ್ತದೆ. ಹೇಳದಿದ್ದರೆ ನಾನು ಕಳ್ಳಿ.

ಏಪ್ರಿಲ್ 3, ಶುಕ್ರವಾರ

ಕಳಿಸಿದೆ. ಆದದ್ದಾಗಲಿ.

ಏಪ್ರಿಲ್ 6, ಸೋಮವಾರ

ಸಂಪಾದಕಿ ಈ ಸಲ ಸ್ವಲ್ಪ ಮೆತ್ತಗಾಗಿದ್ದಾರೆ, ಆದರೆ ಸೋತಿಲ್ಲ. "ನೀವು ಬರೆದದ್ದು ಎನ್ನುತ್ತೀರಿ. ಅವರನ್ನು ಕೇಳಿದರೆ ತಾವು ಬರೆದದ್ದು ಎನ್ನುತ್ತಾರೆ. ನಾನು ಯಾರ ಮಾತನ್ನು ನಂಬಲಿ?"

ಅಮ್ಮನಿಗೆ ಎಲ್ಲವನ್ನೂ ಹೇಳಿದೆ. ಟೀಚರ್ ಎಂದು ಬದಲಿಸಿದ್ದು ನನ್ನ ಕೈಯೇ ಎಂಬುದನ್ನೂ ಹೇಳಿದೆ. ಬೈಯುತ್ತಾಳೆಂದು ಕಾದೆ. ಅವಳು ಬೇರೇನೋ ಯೋಚಿಸುತ್ತಿದ್ದಳು.

"ನೀನು ಎತ್ತಿದೆ ಅಂತೀಯ, ಅವನು ಎತ್ತಿದೆ ಅಂತಾನೆ. ಬಿದ್ದವಳನ್ನ ಒಬ್ರಾದ್ರೂ ಒಂದು ಮಾತು ಕೇಳ್ಬಾರ್ದಾ? ತಗೋ, ಬರ್ಕೋ."

"ಏನು ಬರ್ಕೊಳ್ಳೋದು?"

"ನಿನ್ನ ಗೆಸ್ಟ್ ಪೋಸ್ಟ್. ನಾನೂ ಒಂದು ಕಳಿಸ್ತೀನಿ."

ನಗು ಬಂತು, ಆದರೂ ಕೂತೆ. ಕಸುಬಿನವಳು ನಾನು, ಒಂದಿಷ್ಟು ನಿಯಮ ಹೇಳಿಕೊಟ್ಟೆ. ಮೊದಲ ಸಾಲು ಓದುವವರನ್ನು ಹಿಡಿದು ನಿಲ್ಲಿಸಬೇಕು. ನಡುವೆ ಚಿಕ್ಕ ಚಿಕ್ಕ ಶೀರ್ಷಿಕೆ ಬೇಕು. ಕೊನೆಯಲ್ಲಿ ಓದುಗರಿಗೆ ಒಂದು ಪಾಠ ಇರಬೇಕು.

"ಪಾಠ ಯಾಕೆ? ನಾನೇನು ಟೀಚರಾ?" ಎಂದಳು ಅಮ್ಮ. ಆಮೇಲೆ ಕಿಟಕಿಗೆ ಬೆನ್ನು ಮಾಡಿ ಕೂತು, ಗಂಟಲು ಸರಿಮಾಡಿಕೊಂಡು ಶುರು ಮಾಡಿದಳು. "ನಾನು ಬಚ್ಚಲಲ್ಲಿ ಬಿದ್ದೆ. ಮಗಳು ಓಡಿ ಬಂದಳು. ಬಂದವಳೇ ನನ್ನ ಎರಡೂ ತೋಳು ಹಿಡಿದು ದರದರ ಎಳೆದಳು."

ನಾನು ಟೈಪ್ ಮಾಡುವುದನ್ನು ನಿಲ್ಲಿಸಿದೆ. "ಅಮ್ಮ, ಅದು ಬೇಡ."

"ಯಾಕೆ? ಎಳೀಲಿಲ್ವಾ?"

"ಗಾಬರೀಲಿ ಎಳೆದೆ. ಜನ ಓದ್ತಾರೆ ಅಮ್ಮ. ಬಿದ್ದವರನ್ನ ತೋಳು ಹಿಡಿದು ಎಳೀಬಾರ್ದು, ಭುಜ ಕಳಚುತ್ತೆ."

"ಗೊತ್ತು. ನೀನೇ ಬರೆದಿದ್ದೆಯಲ್ಲ ಹಿಂದೆ, ನಂಗೆ ಓದಿ ಬೇರೆ ಹೇಳಿದ್ದೆ. ನೆಲದ ಮೇಲೆ ಬಿದ್ಕೊಂಡು ನಾನೇ ನಿಂಗೆ ಜ್ಞಾಪಿಸಿದ್ದು: ಎಳೀಬೇಡಿ ಅಂತ ನೀನೇ ಬರೆದಿದ್ದೀಯಲ್ಲೇ, ಕುರ್ಚಿ ತಾ ಅಂತ. ಅದನ್ನೂ ಹಾಕು."

ಹಾಕಲಿಲ್ಲ. ತಲೆನೋವು ಎಂದು ಲ್ಯಾಪ್‌ಟಾಪ್ ಮುಚ್ಚಿದೆ.

ಏಪ್ರಿಲ್ 7, ಮಂಗಳವಾರ

ಅಮ್ಮನ ಜೊತೆ ಮಾತಿಲ್ಲ. ಇವಳಿಗೋಸ್ಕರ ಮಾಲೀಕರನ್ನು ಎದುರುಹಾಕಿಕೊಂಡೆ, ಕಳ್ಳಿ ಅನ್ನಿಸಿಕೊಂಡೆ. ಇವಳು ನನ್ನನ್ನೇ ಊರಿಗೆಲ್ಲ ತೋರಿಸಲು 'ಮಗಳು ದರದರ ಎಳೆದಳು' ಎಂದು ಬರೆಸುತ್ತಾಳಂತೆ. ಇರಲಿ. ಇವಳಿಗೂ ಮೂಗಿನ ತುದಿಯಲ್ಲೇ ಕೋಪ, ನನಗೂ ಅಷ್ಟೇ. ಯಾರ ಮಗಳು ಎಂಬುದಕ್ಕೆ ಬೇರೆ ಪುರಾವೆ ಬೇಕಿಲ್ಲ.

ಏಪ್ರಿಲ್ 10, ಶುಕ್ರವಾರ

ಕೋಪ ಒಂದೇ ದಿನ ಬಾಳಿತು. ಆಮೇಲೆ ಎರಡು ದಿನ ಅಮ್ಮ ಹೇಳಿದಳು, ನಾನು ಟೈಪ್ ಮಾಡಿದೆ. ಹೇಳಿದ್ದನ್ನೆಲ್ಲ ಅಲ್ಲ. ಅಲ್ಲಲ್ಲಿ ಸ್ವಲ್ಪ ನುಣುಪು ಮಾಡಿದೆ. 'ಎಳೆದಳು' ಎಂಬಲ್ಲಿ 'ಎತ್ತಲು ಯತ್ನಿಸಿದಳು' ಎಂದೆ. ಬೈದದ್ದನ್ನು ಬಿಟ್ಟೆ. ಹತ್ತು ಜನ ಓದುವ ಬರಹ, ಒಂದು ಮರ್ಯಾದೆ ಬೇಡವೇ?

ಇವತ್ತು ಬೆಳಿಗ್ಗೆ ಅಮ್ಮ, "ಓದು, ಮೊದಲಿಂದ," ಎಂದಳು. ಓದಿದೆ. ಅವಳು ಕಣ್ಣು ಮುಚ್ಚಿಕೊಂಡು ಕೇಳಿದಳು. ನಾನು ಬಿಟ್ಟ ಜಾಗ ಬಂದಾಗ ಕಣ್ಣು ತೆರೆದಳು.

"ಕಿಸೆಗಳ್ಳರನ್ನ ತುಂಬಿದ ಬಸ್ಸಲ್ಲಿ ಹಿಡೀತಿದ್ದೆ ನಾನು. ನಿನ್ನ ಕೈಚಳಕ ನಂಗೆ ಗೊತ್ತಾಗಲ್ವಾ?"

"ನಿನ್ನ ಒಳ್ಳೇದಕ್ಕೇ ಅಮ್ಮ. ನಿನ್ನನ್ನ ಹೇಗೆ ನೋಡ್ಕೋತೀನಿ ಅಂತ ಜನ ಏನಂದ್ಕೋಬೇಕು?"

"ಜನ ಏನಂದ್ಕೋತಾರೆ ಅಂತ ಅವನೂ ಅಂದ." ಲ್ಯಾಪ್‌ಟಾಪನ್ನು ನನ್ನ ಕಡೆಗೆ ತಳ್ಳಿದಳು. "ಅವನು ನನ್ನ ಕೆಲಸ ಕಿತ್ಕೊಂಡ ಕಣೇ. ನಾನು ಎದ್ದಿದ್ದನ್ನೇ ನೀನು ಕಿತ್ಕೋತಿದ್ದೀಯ."

ಹೋಗಿ ಚಹಾ ಮಾಡಿದೆ. ಉಕ್ಕಿ ಒಲೆಯ ಮೇಲೆಲ್ಲ ಚೆಲ್ಲಿತು, ಒರೆಸಿದೆ. ವಾಪಸ್ ಬಂದು, ತಿದ್ದಿದ್ದನ್ನೆಲ್ಲ ಅಳಿಸಿ, ಅವಳು ಹೇಳಿದ ಹಾಗೇ ಟೈಪ್ ಮಾಡಿದೆ. ಆ ಭಾಗವನ್ನು ಇಲ್ಲೂ ಇಳಿಸುತ್ತೇನೆ.

"ನನ್ನನ್ನು ಮಗ ಎತ್ತಿದ ಎಂದು ಒಂದು ಕಡೆ ಬಂದಿದೆ. ಮಗಳು ಎತ್ತಿದಳು ಎಂದು ಇನ್ನೊಂದು ಕಡೆ ಬರೆದಿದ್ದಾರೆ. ನನ್ನನ್ನು ಯಾರೂ ಎತ್ತಲಿಲ್ಲ. ಮಗಳು ಎಳೆದಳು, ತಾನೂ ಜಾರಿದಳು, ಒದ್ದೆ ನೆಲದಲ್ಲಿ ನನ್ನ ಪಕ್ಕ ಕೂತು ಅತ್ತಳು. ಇನ್ನೊಂದು ಸಲ ಬಿದ್ದರೆ ಇಲ್ಲೇ ಬಿಟ್ಟು ಹೋಗುತ್ತೇನೆ ಎಂದು ಬೈದಳು. ಬೈಯುವಾಗ ಅವಳ ಹಲ್ಲು ಕಟಕಟ ಎನ್ನುತ್ತಿತ್ತು. ಬಿಟ್ಟು ಹೋಗುವವರು ಹೇಳಿ ಹೋಗುವುದಿಲ್ಲ, ಅದು ನನಗೆ ಗೊತ್ತು. ಕುರ್ಚಿ ತಾ ಎಂದೆ. ತಂದಳು. ಮಗ್ಗುಲಾದೆ, ಮಂಡಿಯೂರಿದೆ, ಕುರ್ಚಿಯ ಮೇಲೆ ಎರಡೂ ಕೈ ಊರಿ, ರೈಟ್ ಎಂದು ನನಗೆ ನಾನೇ ಹೇಳಿಕೊಂಡು ಎದ್ದೆ. ಸೊಂಟ ಮುರಿದ ಮೇಲೆ ನೆಲದಿಂದ ನಾನಾಗಿ ಎದ್ದದ್ದು ಅದೇ ಮೊದಲು. ಮಗಳು ನೋಡಲಿಲ್ಲ. ಮುಖ ಮುಚ್ಚಿಕೊಂಡು ಅಳುತ್ತಿದ್ದಳು."

ನಿಜ, ನಾನು ನೋಡಿರಲಿಲ್ಲ. ಕಣ್ಣು ಬಿಟ್ಟಾಗ ಅವಳು ನಿಂತಿದ್ದಳು. ನಾನೇ ಎತ್ತಿರಬೇಕು ಎಂದುಕೊಂಡಿದ್ದೆ.

ಸಂಜೆ ಕಳಿಸಿದೆ.

ಏಪ್ರಿಲ್ 14, ಮಂಗಳವಾರ

ಸಂಪಾದಕಿ ಫೋನೇ ಮಾಡಿದರು. ನನ್ನ ಹತ್ತಿರ ಎರಡೇ ಮಾತು, "ಬರೆದವರಿಗೆ ಕೊಡಿ" ಎಂದರು. ಸ್ಪೀಕರ್ ಹಾಕಿ ಅಮ್ಮನ ಮುಂದಿಟ್ಟೆ.

"ಅಮ್ಮಾ, ಇದನ್ನ ನೀವೇ ಹೇಳಿ ಬರೆಸಿದ್ದಾ?"

"ಇಲ್ಲ ತಾಯಿ, ಪಕ್ಕದ ಮನೆ ಬೆಕ್ಕು ಹೇಳಿ ಬರೆಸ್ತು."

ಆ ಕಡೆ ನಗು ತಡೆದದ್ದು ಕೇಳಿಸಿತು. "ತಪ್ಪು ತಿಳೀಬೇಡಿ. ಒಂದೇ ಘಟನೆ, ಮೂರು ಬರಹ. ನಾನು ಕೇಳ್ಲೇಬೇಕು. ನೀವು ನಿಜವಾಗ್ಲೂ ಕಂಡಕ್ಟರ್ ಆಗಿದ್ರಾ? ಅದಕ್ಕೆ ಏನಾದ್ರೂ…"

ಅಷ್ಟರಲ್ಲಿ ಕೆಳಗೆ ಬಸ್ಸು ಬಂತು. ನಿಲ್ಲುವ ಮೊದಲೇ ಮತ್ತೆ ಹೊರಟಿತು. ಅಮ್ಮ ಫೋನಿರುವುದನ್ನೇ ಮರೆತು ಕಿಟಕಿಗೆ ತಿರುಗಿದಳು. "ಹೋಲ್ಡಾನ್! ಹೋಲ್ಡಾನ್ ಅಂದ್ರೆ! ಮಗು ಎತ್ಕೊಂಡಿದ್ದಾಳೆ ಕಾಣಲ್ವೇನೋ, ಬಾಗಿಲು ಹಾಕ್ತೀಯಾ?" ಎದುರುಮನೆಯ ಬಾಗಿಲು ತೆರೆದ ಸದ್ದಾಯಿತು.

"ಕೇಳಿಸ್ತಮ್ಮಾ," ಎಂದರು ಸಂಪಾದಕಿ. "ಬೇರೆ ಪುರಾವೆ ಬೇಡ."

ಒಂದು ಮಾತು ಸೇರಿಸಿದರು. ಆ ಮಹನೀಯರ ಲೇಖನದ ಪ್ರಸ್ತಾಪ ಇರುವುದರಿಂದ ಅವರಿಗೂ ಕಳಿಸಿ ಒಂದು ಮಾತು ಕೇಳುವುದು ತಮ್ಮ ಪದ್ಧತಿ. ಕೇಳಿ, ಎಂದೆ. ಫೋನಿಟ್ಟ ಮೇಲೆ ಹೆದರಿಕೆ ಶುರುವಾಯಿತು. ಎರಡು ಸಲ ಬಾಗಿಲ ಚಿಲಕ ನೋಡಿ ಬಂದೆ, ಮಾಲೀಕ ಬಾಗಿಲಿಗೇ ಬರುತ್ತಾನೆ ಎಂಬಂತೆ.

ಏಪ್ರಿಲ್ 16, ಗುರುವಾರ

ಬಾಗಿಲಿಗೆ ಬರಲಿಲ್ಲ, ಫೋನ್ ಬಂತು. ಅಷ್ಟು ಕೂಗಾಡುತ್ತಾನೆಂದು ಎಣಿಸಿರಲಿಲ್ಲ. ನಂಬಿಕೆದ್ರೋಹ ಎಂದ. ಉಂಡ ಮನೆಗೆ ಎರಡು ಬಗೆದೆ ಎಂದ. ಇದು ಪ್ರಕಟವಾದರೆ ಓದುಗರ ಮುಂದೆ ತನ್ನ ಮುಖ ಎಲ್ಲಿಡುವುದು ಎಂದ. ಫೋಟೋ ಬದಲಿಸಿ ಸರ್, ಎಂದೆ. ಬೇಕೆಂದು ಹೇಳಿದ್ದಲ್ಲ, ಬಾಯಿಂದ ಬಂದುಬಿಟ್ಟಿತು.

"ವಾಪಸ್ ತಗೊಳ್ಳಿ. ಇಲ್ಲದಿದ್ರೆ ನಾಳೆಯಿಂದ ಕೆಲಸಕ್ಕೆ ಬರೋದು ಬೇಡ."

"ನಾನು ಬರ್ತಾನೇ ಇಲ್ವಲ್ಲ ಸರ್, ಮನೇಲೇ ಮಾಡೋದು."

"ತಮಾಷೆ ಸಾಕು! ಇದನ್ನ ನಿಲ್ಲಿಸೋದು ನಿಮ್ಮ ಕೈಲೇ ಇದೆ. ಅಳಿಸಿ ಅಂತ ಅವರಿಗೊಂದು ಸಾಲು ಬರೀರಿ, ಎಲ್ಲಾ ಮರೀತೀನಿ. ಅಂಕಣಾನೂ ಬೇಡ. ಹಳೇ ಹಾಗೇ ಇರೋಣ."

ಒಂದು ಗಳಿಗೆ ಆಸೆಯಾಯಿತು. ಸುಳ್ಳೇಕೆ ಹೇಳಲಿ? ಹಳೇ ಹಾಗೇ ಎಂದರೆ ಮನೆಯಲ್ಲೇ ಕೂತು ಮಾಡುವ ಕೆಲಸ, ಬಿದ್ದರೆ ಓಡಿ ಹೋಗಲು ಬಚ್ಚಲು ಹತ್ತು ಹೆಜ್ಜೆ. ಅಮ್ಮ ಕಿಟಕಿಯ ಬಳಿ ಅಂಗಿಗೆ ಗುಂಡಿ ಹೊಲಿಯುತ್ತಿದ್ದಳು, ನನ್ನ ಕಡೆ ನೋಡುತ್ತಲೂ ಇರಲಿಲ್ಲ.

"ಲೇಖಕಿ ನಾನಲ್ಲ ಸರ್," ಎಂದೆ. "ಅವರನ್ನೇ ಕೇಳಿ." ಫೋನನ್ನು ಅಮ್ಮನ ಕೈಗಿಟ್ಟೆ.

ಅಮ್ಮ ಸೂಜಿಯನ್ನು ಅಂಗಿಗೇ ಚುಚ್ಚಿಟ್ಟು, ಫೋನನ್ನು ಕಿವಿಗೆ ಹಿಡಿದಳು. "ಹೇಳಪ್ಪಾ ಮಗನೇ," ಎಂದಳು.

ಆ ಕಡೆಯ ಕೂಗು ಅಲ್ಲಿಗೇ ನಿಂತಿತು. ಅವನು ಏನೋ ಮೆಲ್ಲಗೆ ಹೇಳಿದ, ನನಗೆ ಕೇಳಿಸಲಿಲ್ಲ. ಅಮ್ಮ ತಲೆಯಾಡಿಸುತ್ತ ಪೂರ್ತಿ ಕೇಳಿಸಿಕೊಂಡಳು. "ಆಯ್ತಪ್ಪ. ನಿನ್ನ ಕಷ್ಟ ನಿಂಗೆ. ಆದ್ರೆ ಮನೇಲಿ ಹೆತ್ತವಳು ಇದ್ದಾಳಲ್ಲ? ಹೋಗಿ ಅವಳ ಪಕ್ಕ ಕೂತ್ಕೋ. ನಿನ್ನ ಕಾಲದಲ್ಲಿ ಏನೇನು ಮಾಡ್ದೆ ಅಂತ ಕೇಳು. ಅದನ್ನ ಬರಿ, ನಾನೇ ಓದಿಸ್ಕೊಂಡು ಕೇಳ್ತೀನಿ. ನನ್ನದನ್ನ ಅಳಿಸಲ್ಲ." ಫೋನನ್ನು ನನಗೆ ಕೊಟ್ಟು ಸೂಜಿ ಕೈಗೆತ್ತಿಕೊಂಡಳು.

ಕೆಲಸ ಹೋಯಿತು. ಸಂಜೆಗೆ ಅಂಗಡಿಯ ಇಮೇಲಿನ ಪಾಸ್‌ವರ್ಡ್ ಕೂಡ ನಡೆಯಲಿಲ್ಲ. ಹೆದರಿಕೆ ಇದೆ, ಇಲ್ಲವೆಂದರೆ ನಂಬಬೇಡ ಎಂದು ನನಗೆ ನಾನೇ ಹೇಳಿಕೊಳ್ಳುತ್ತೇನೆ. ಆದರೆ ಮುಂದೆ ಏನು ಎಂದು ಯೋಚಿಸುತ್ತ ಕೂತವಳು ನಡುವೆ ಯಾವಾಗಲೋ 'ಹೇಳಪ್ಪಾ ಮಗನೇ' ನೆನಪಾಗಿ ಜೋರಾಗಿ ನಕ್ಕುಬಿಟ್ಟೆ. ಅಮ್ಮ ಬಚ್ಚಲಿನಿಂದಲೇ, "ಏನಾಯ್ತೇ?" ಎಂದು ಕೂಗಿದಳು. ಅವಳು ಒಬ್ಬಳೇ ಹೋಗಿದ್ದಾಳೆಂದು ಆಗ ಗೊತ್ತಾಯಿತು. ನಾನು ಎದ್ದು ಹೋಗಲಿಲ್ಲ.

ಏಪ್ರಿಲ್ 18, ಶನಿವಾರ

ಸೋಮವಾರ ಪ್ರಕಟಿಸುತ್ತಾರಂತೆ. ಆ ಮಹನೀಯರಿಂದ ಉತ್ತರ ಬರಲಿಲ್ಲವಂತೆ. ಸಂಪಾದಕಿ ಮೂರು ಕೇಳಿದ್ದಾರೆ: ಒಂದು ಫೋಟೋ, ಎರಡು ಸಾಲಿನ ಪರಿಚಯ, ಬೇಕಿದ್ದರೆ ಒಂದು ಲಿಂಕ್.

ಫೋಟೋಕ್ಕೆ ಅಮ್ಮ ಕೂತುಕೊಳ್ಳಲು ಒಪ್ಪಲಿಲ್ಲ. ವಾಕರನ್ನು ಗೋಡೆಗೆ ಒರಗಿಸಿ, ಒಂದು ಕೈಯಲ್ಲಿ ಕಿಟಕಿಯ ಸರಳು ಹಿಡಿದು ನಿಂತಳು. "ಬೇಗ ತೆಗಿ, ಕಾಲು ನೋಯುತ್ತೆ," ಎಂದು ಗದರಿಸಿದಳು. ಮುಖ ಗದರಿಸಿದ ಹಾಗೆಯೇ ಬಂದಿದೆ. ಇನ್ನೊಂದು ತೆಗೆಯಲಿಲ್ಲ.

"ಲಿಂಕ್ ಏನು ಕೊಡೋಣ?" ಎಂದೆ.

"ಹಾಗಂದ್ರೆ?"

"ಓದಿದೋರು ಇಲ್ಲಿಂದ ಎಲ್ಲಿಗೆ ಹೋಗ್ಬೇಕು ಅಂತ."

"ಎಲ್ಲೂ ಹೋಗೋದು ಬೇಡ. ಓದ್ಲಿ ಸಾಕು."

ಪರಿಚಯಕ್ಕೆ ಬಂದಾಗ ಹಳೆಯ ಚಾಳಿ ಬಿಡಲಿಲ್ಲ, ನಾನೇ ಒಂದು ಬರೆದು ಓದಿದೆ. 'ಸುದೀರ್ಘ ಸೇವೆಯ ನಂತರ ವಿಶ್ರಾಂತ ಜೀವನ ನಡೆಸುತ್ತಿರುವ ಲೇಖಕಿ ಬದುಕನ್ನು ಅಪಾರವಾಗಿ ಪ್ರೀತಿಸುತ್ತಾರೆ.' ಅಮ್ಮ ನನ್ನನ್ನು ಕನಿಕರದಿಂದ ನೋಡಿದಳು.

"ಯಾರೇ ಅದು? ನಂಗೆ ಗೊತ್ತಿರೋರಾ?"

"ಸರಿ, ನೀನೇ ಹೇಳು."

"ಎರಡೇ ಸಾಲಾ?"

"ಎರಡೇ."

ಅಮ್ಮ ಬಹಳ ಹೊತ್ತು ಯೋಚಿಸಿದಳು. ಕೆಳಗೆ ಒಂದು ಬಸ್ಸು ಬಂದು, ನಿಂತು, ಹೋಯಿತು. ಅವಳು ಅದನ್ನು ನೋಡಲೂ ಇಲ್ಲ. ಆಮೇಲೆ ನಿಧಾನವಾಗಿ, ನನ್ನ ಬೆರಳು ಹಿಂದೆ ಬೀಳದಂತೆ ಒಂದೊಂದೇ ಪದ ಹೇಳಿದಳು. ನಾನು ಟೈಪ್ ಮಾಡಿದೆ. ಎರಡನೇ ಸಾಲಿಗೆ ಬರುವಷ್ಟರಲ್ಲಿ ಅಕ್ಷರ ಕಾಣದಾಯಿತು, ಕಣ್ಣು ಒರೆಸಿಕೊಂಡು ಮುಗಿಸಿ ಹಾಗೇ ಕಳಿಸಿದೆ.

ಲೇಖಕಿ ನಿವೃತ್ತ ಬಸ್ ಕಂಡಕ್ಟರ್.
ಅವರಿಗೆ ಒಬ್ಬಳೇ ಮಗಳು, ಗಂಡುಮಕ್ಕಳಿಲ್ಲ.